ನನ್ನ ಕೈಗುಣದ ಪೆನ್‌ಡ್ರೈವ್

ನಾನು ಸುಳ್ಳು ಹೇಳುವವನಲ್ಲ. ಇದ್ದದ್ದನ್ನು ಸ್ವಲ್ಪ ಲಟ್ಟಿಸಿ ಹೇಳುತ್ತೇನೆ, ಅಷ್ಟೇ. ಹಿಟ್ಟಿನ ಉಂಡೆಯನ್ನು ಲಟ್ಟಿಸದೆ ಹಾಗೇ ತಟ್ಟೆಗಿಟ್ಟರೆ ಯಾರು ತಿಂದಾರು? ನಮ್ಮೂರಿನಲ್ಲಿ ಸತ್ತ ಕಂಪ್ಯೂಟರನ್ನು ಎಬ್ಬಿಸಿ ಕೂರಿಸುವ ವಿದ್ಯೆ ಬಲ್ಲವರು ಹದಿನಾಲ್ಕು ಜನ. ಅವರಲ್ಲಿ ಹದಿಮೂರು ಜನ ನನ್ನಿಂದ ಕಲಿತವರು, ಹದಿನಾಲ್ಕನೆಯವನು ನಾನು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡಿಸಿಕೊಂಡು ಹಟ ಹಿಡಿದು ನಿಂತ ಯಂತ್ರದ ಎದುರಿಗೆ ನಾನು ಹೋಗಿ ಒಮ್ಮೆ ಗಂಟಲು ಸರಿಮಾಡಿಕೊಂಡರೆ ಸಾಕು, ಅರ್ಧಕ್ಕರ್ಧ ಯಂತ್ರಗಳು ಹೆದರಿ ತಾವಾಗಿಯೇ ಶುರುವಾಗುತ್ತವೆ. ಉಳಿದರ್ಧಕ್ಕೆ ಮಾತ್ರ ಪೆನ್‌ಡ್ರೈವ್ ಬೇಕು. ಇಂಥ ನನ್ನನ್ನು ಕುರಿತು ನಮ್ಮ ಪುರಸಭೆಯವರು, ಉಗ್ರಪ್ಪನೆಂಬುವನು ಊರ ಎಲ್ಲೆಯೊಳಗೆ ಪೆನ್‌ಡ್ರೈವ್ ಮಾಡಕೂಡದು ಎಂದು ಠರಾವು ಮಾಡಿ, ಅದಕ್ಕೆ ಗಾಜಿನ ಕಟ್ಟು ಹಾಕಿಸಿ, ಬಸ್ ಸ್ಟ್ಯಾಂಡಿನಲ್ಲಿ ತೂಗುಹಾಕಿದ್ದಾರೆ. ನನ್ನ ಫೋಟೋ ಸಮೇತ. ಫೋಟೋ ಚೆನ್ನಾಗಿ ಬಂದಿದೆ; ಬಸ್ಸಿಗೆ ಕಾಯುವವರು ಎರಡೆರಡು ಬಸ್ ಬಿಟ್ಟು ನೋಡುತ್ತ ನಿಂತಿರುತ್ತಾರೆಂದು ಕೇಳಿದ್ದೇನೆ.

ವಿಷಯ ಇಷ್ಟೇ. ನಮ್ಮೂರಿನಲ್ಲಿ ಪೆನ್‌ಡ್ರೈವ್ ಮಾಡಿದವರ ಕೈಗುಣ ಕಂಪ್ಯೂಟರಿಗೆ ಹತ್ತುತ್ತದೆ. ಖಾಲಿ ಪೆನ್‌ಡ್ರೈವೊಂದನ್ನು ಚುಚ್ಚಿ, ಅದರಲ್ಲಿದ್ದ ಹಳೆಯದನ್ನೆಲ್ಲ ಅಳಿಸಿ, ಯಂತ್ರ ಎದ್ದು ಕೂರಲು ಬೇಕಾದ ಸಿಸ್ಟಮ್ಮನ್ನು ತುಂಬುವವರು ಯಾರೋ, ಅವರ ಸ್ವಭಾವವೇ ಆ ಯಂತ್ರದ ಸ್ವಭಾವ. ಬಸ್ ಸ್ಟ್ಯಾಂಡಿನ ಕಂಪ್ಯೂಟರಿಗೆ ಒಬ್ಬ ಸೋಮಾರಿಯ ಕೈ ಬಿದ್ದಿತ್ತು. ಅದು ಹನ್ನೊಂದು ಗಂಟೆಗೆ ಏಳುತ್ತಿತ್ತು, ಯಾವ ಬಸ್ ಕೇಳಿದರೂ ನಾಳೆಯದನ್ನು ತೋರಿಸುತ್ತಿತ್ತು. ಪೊಲೀಸ್ ಠಾಣೆಯದಕ್ಕೆ ಹೂವಿನ ಮಾದೇವಮ್ಮನ ಕೈ. ಬಹಳ ಮೃದು ಹೆಂಗಸು. ಕಳ್ಳತನದ ದೂರನ್ನು ಟೈಪ್ ಮಾಡಿ ಮುಗಿಸಿದರೆ ಕೊನೆಗೆ ಅದು ತಾನಾಗಿಯೇ 'ಹೋಗಲಿ ಬಿಡಿ, ಇಬ್ಬರೂ ನಮ್ಮವರೇ' ಎಂದು ಒಂದು ಸಾಲು ಸೇರಿಸುತ್ತಿತ್ತು. ಊರಿನವರು ಇದಕ್ಕೆಲ್ಲ ತಲೆ ಕೆಡಿಸಿಕೊಂಡವರಲ್ಲ. ಯಾರ ಕೈ ಒಳ್ಳೆಯದು ಅಂತ ವಿಚಾರಿಸಿ, ಎಲೆ ಅಡಿಕೆಯ ಮೇಲೆ ಹೊಸ ಪೆನ್‌ಡ್ರೈವ್ ಇಟ್ಟುಕೊಂಡು ಹೋಗಿ ಮಾಡಿಸಿಕೊಂಡು ಬರುತ್ತಿದ್ದರು. ಹೆಣ್ಣು ಕೇಳಲು ಬಂದವರು ಕುಲಗೋತ್ರಕ್ಕಿಂತ ಮುಂಚೆ ಕೇಳುತ್ತಿದ್ದುದು, ನಿಮ್ಮನೆ ಕಂಪ್ಯೂಟರಿಗೆ ಯಾರ ಕೈ ಎಂದು.

ಇನ್ನು ನನ್ನ ಕೈ. ಅದರ ಮಹಿಮೆಯನ್ನು ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ, ಆದರೆ ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ಹೇಳುತ್ತೇನೆ. ನಾನು ಪೆನ್‌ಡ್ರೈವ್ ಮಾಡಿಕೊಟ್ಟ ವರ್ಷ ನಮ್ಮ ಪ್ರೌಢಶಾಲೆಯ ಮಕ್ಕಳು ನೂರಕ್ಕೆ ನೂರ ಹದಿನೆಂಟು ತೆಗೆದರು. ಪಶು ಆಸ್ಪತ್ರೆಯ ಲೆಕ್ಕದಲ್ಲಿ ಒಂದು ಬಡಕಲು ಹಸು ದಿನಕ್ಕೆ ಅರವತ್ತು ಲೀಟರ್ ಕರೆಯತೊಡಗಿತು. ಅದರ ಯಜಮಾನ ಖಾಲಿ ಚೊಂಬು ಹಿಡಿದು ಹಸುವಿನ ಮುಖ ನೋಡುತ್ತ ಕೂತ. ಮಳೆಮಾಪನದ ಕಂಪ್ಯೂಟರಂತೂ ಊರು ಮುಳುಗಿ ಮೂರು ದಿನವಾಯಿತೆಂದು ವರದಿ ಕಳಿಸಿತು, ಮೇಲಿನವರು ಒಣ ಕೆರೆಗೆ ದೋಣಿ ಕಳಿಸಿದರು. ಆಮೇಲೆ ಬಂದದ್ದು ಠರಾವು. ಆದರೂ ಒಂದು ಗುಟ್ಟು ಹೇಳುತ್ತೇನೆ: ಠರಾವಿಗೆ ಕೈ ಎತ್ತಿದ ಅದೇ ಪುರಸಭೆಯವರು ವರ್ಷಕ್ಕೊಮ್ಮೆ, ವಾರ್ಷಿಕ ಪ್ರಗತಿ ವರದಿ ಬರೆಯುವ ಕಾಲಕ್ಕೆ, ಹಿಂಬಾಗಿಲಿನಿಂದ ನನ್ನನ್ನು ಕರೆದು ಒಂದು ಪೆನ್‌ಡ್ರೈವ್ ಮಾಡಿಸಿಕೊಂಡು, ಬಾದಾಮಿ ಹಾಲು ಕುಡಿಸಿ ಕಳಿಸುತ್ತಿದ್ದರು. ನಮ್ಮೂರಿಗೆ ಏಳು ಸಲ ಸ್ವಚ್ಛ ನಗರ ಪ್ರಶಸ್ತಿ ಬಂದದ್ದು ಹೀಗೆ. ಪ್ರಶಸ್ತಿಯ ಫಲಕಗಳನ್ನು ಈಗ ಮೋರಿಗೆ ಅಡ್ಡ ಹಾಸಿದ್ದಾರೆ, ದಾಟಲು ಅನುಕೂಲ.

ನನ್ನ ಹೆಂಡತಿ ದ್ರಾಕ್ಷಾಯಣಿ ಮನೆಯ ಪಡಸಾಲೆಯಲ್ಲಿ ವಧೂವರರ ಕೇಂದ್ರ ನಡೆಸುತ್ತಾಳೆ. ಅವಳ ಕಂಪ್ಯೂಟರಿಗೆ ಅವಳ ಸೋದರತ್ತೆ ಬಸಲಿಂಗಮ್ಮನ ಕೈ. ಆ ಮುದುಕಿ ಬದುಕಿದ್ದಷ್ಟು ದಿನ ಒಂದು ಮಾತು ಹೆಚ್ಚು ಆಡಿದವಳಲ್ಲ. ಸಾಯುವಾಗಲೂ 'ಹೊರಟೆ' ಎಂದಷ್ಟೇ ಹೇಳಿ ಹೊರಟಳು. ಹಾಗಾಗಿ ಗಂಡಿನ ಕಡೆಯವರು ಫಾರ್ಮಿನಲ್ಲಿ ಏನೇ ಬಣ್ಣ ಬಳಿದು ಬರೆದುಕೊಡಲಿ, ದ್ರಾಕ್ಷಾಯಣಿ ಅದನ್ನು ಟೈಪ್ ಮಾಡಿ ಚೀಟಿ ತೆಗೆದರೆ ಬರುತ್ತಿದ್ದುದು ಇದ್ದದ್ದಷ್ಟೇ. ಕೂದಲು: ಸದ್ಯಕ್ಕೆ ಇದೆ. ಉದ್ಯೋಗ: ಅಪ್ಪನಿಗಿದೆ. ಸಂಗೀತಾಸಕ್ತಿ: ಸ್ನಾನದಲ್ಲಿ. ಇಂಥ ಚೀಟಿ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಊರಿನ ಹೆಣ್ಣುಮಕ್ಕಳು ಜಾತಕ ಹರಿದುಹಾಕಿದರೂ ದ್ರಾಕ್ಷಾಯಣಿಯ ಚೀಟಿ ನೋಡದೆ ತಲೆ ಆಡಿಸುತ್ತಿರಲಿಲ್ಲ. ಆ ಯಂತ್ರವನ್ನು ಮುಟ್ಟುವುದಿರಲಿ, ಅದರ ಹತ್ತಿರ ನಿಂತು ಜೋರಾಗಿ ಉಸಿರಾಡಲೂ ನನಗೆ ಅಪ್ಪಣೆ ಇರಲಿಲ್ಲ.

ಒಂದು ಗುರುವಾರ ಬೆಳಿಗ್ಗೆ ಆ ಯಂತ್ರ ಸತ್ತಿತು. 'ಅಪ್‌ಡೇಟ್ ಆಗುತ್ತಿದೆ, ದಯವಿಟ್ಟು ಆರಿಸಬೇಡಿ' ಎಂದು ಅದು ಬೇಡಿಕೊಳ್ಳುತ್ತಿದ್ದಾಗಲೇ ಕರೆಂಟು ಹೋಯಿತು. ಕರೆಂಟು ಬಂದ ಮೇಲೆ ನೋಡಿದರೆ ಕಪ್ಪು ಪರದೆ, ಮೂಲೆಯಲ್ಲಿ ಮಿಟುಕುವ ಒಂದು ಗೆರೆ, ಏಳಲು ಬೇಕಾದದ್ದೇನೂ ಸಿಗುತ್ತಿಲ್ಲ ಎಂಬ ಒಂದು ಸಾಲು. ದ್ರಾಕ್ಷಾಯಣಿ ವೈರು ಕಿತ್ತು ಹಾಕಿದಳು, ಹಾಕಿ ಕಿತ್ತಳು. ಕರ್ಪೂರದ ಜೊತೆ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಬಸಲಿಂಗಮ್ಮನ ಕೆಂಪು ಪೆನ್‌ಡ್ರೈವ್ ಬಿಚ್ಚಿ ಚುಚ್ಚಿದಳು. ಅದೂ ಮುದುಕಿಯ ಹಿಂದೆಯೇ ಹೋಗಿತ್ತು. ಯಂತ್ರಕ್ಕೆ ಅದು ಕಾಣಿಸಲೇ ಇಲ್ಲ.

ಬೇರೆ ದಿನವಾಗಿದ್ದರೆ ಎರಡು ದಿನ ಕೇಂದ್ರ ಮುಚ್ಚಿ ಸುಮ್ಮನಾಗಬಹುದಿತ್ತು. ಆದರೆ ಹನ್ನೆರಡಕ್ಕೆ ಸರ್ವಮಂಗಳಾ ಟೀಚರ್ ಬಂದರು. ಹದಿನೆಂಟು ವರ್ಷದಿಂದ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿರುವವರು, ವಯಸ್ಸು ನಲವತ್ತರ ಹತ್ತಿರ. ಅವರ ಹಿಂದೆಯೇ ಒಬ್ಬ ದಪ್ಪ ಮನುಷ್ಯ, ಬಿಳಿ ಪಂಚೆ, ಕೈಯಲ್ಲಿ ಹಳದಿ ಚೀಲ. ಪರಸ್ಥಳದವನು, ಹೆಸರು ಕೊಟ್ರೇಶಿ. ಫಾಲಾಕ್ಷನೆಂಬ ವರನಿಗೆ ಭಾವ ಆಗಬೇಕು. ವರನ ಫೋಟೋ, ತುಂಬಿದ ಫಾರ್ಮು ಎರಡನ್ನೂ ತಂದಿದ್ದ.

"ಅಕ್ಕಾ, ಇವತ್ತೇ ಹೇಳಬೇಕಂತೆ," ಎಂದರು ಟೀಚರ್, ಕುರ್ಚಿಯ ತುದಿಯಲ್ಲಿ ಕೂತು. "ಮದುವೆ ಆದ್ಮೇಲೆ ಅವರೂರಲ್ಲೇ ಇರಬೇಕು, ಇಲ್ಲಿ ಕೆಲಸ ಬಿಡಬೇಕು ಅಂತಾರೆ. ರಾಜೀನಾಮೆ ಬರ್ಕೊಂಡು ಬಂದಿದೀನಿ, ಬ್ಯಾಗಲ್ಲೇ ಇದೆ. ನಿಮ್ಮ ಚೀಟಿ ಸರಿ ಬಂದ್ರೆ ಐದು ಗಂಟೆಯೊಳಗೆ ಆಫೀಸಿಗೆ ಕೊಟ್ಟುಬಿಡ್ತೀನಿ. ಸರಿ ಬರಲಿಲ್ಲ ಅಂದ್ರೆ ಇವರು ಐದೂವರೆ ಬಸ್ಸಿಗೆ ಹೋಗ್ತಾರೆ, ನಾನು ನಾಳೆ ಎಂಟನೇ ಕ್ಲಾಸಿಗೆ ಹೋಗ್ತೀನಿ."

"ಕೆಲಸ ಬಿಟ್ರೇನಂತೆ," ಎಂದ ಕೊಟ್ರೇಶಿ. "ನಮ್ಮ ಹುಡುಗಂಗೂ ಅಲ್ಲೊಂದು ಶಾಲೆಗೂ ಬಾಳ ನಂಟು ಐತಿ. ಟೀಚರಮ್ಮಗೆ ಅಲ್ಲಿ ಏನಾರ ಒಂದು ಆಕ್ಕತಿ ಬಿಡ್ರಿ."

ಏನಾದರೂ ಎಂದರೆ ಏನು ಎಂದು ಅವನೂ ಹೇಳಲಿಲ್ಲ, ಟೀಚರೂ ಕೇಳಲಿಲ್ಲ. ಅದನ್ನು ಹೇಳಬೇಕಾಗಿದ್ದುದು ಚೀಟಿ.

ದ್ರಾಕ್ಷಾಯಣಿ ಇಬ್ಬರಿಗೂ ಮಂಡಕ್ಕಿ ಮೆಣಸಿನಕಾಯಿ ಕೊಟ್ಟು ಕೂರಿಸಿ, ನನ್ನನ್ನು ಅಡುಗೆಮನೆಗೆ ಕರೆದಳು. ಕೈಗೊಂದು ಹೊಸ ಪೆನ್‌ಡ್ರೈವ್ ಇಟ್ಟಳು. "ರಿಟೈರ್ಡ್ ಪೋಸ್ಟ್‌ಮಾಸ್ಟರ್ ಜಂಬಯ್ಯನವರ ಹತ್ರ ಹೋಗಿ ಮಾಡಿಸ್ಕೊಂಡು ಬರ್ರಿ. ಅತ್ತೆ ಬಿಟ್ರೆ ಊರಲ್ಲಿ ಅಳೆದು ಮಾತಾಡೋರು ಅವರೊಬ್ಬರೇ. ದಾರೀಲಿ ಎಲ್ಲೂ ನಿಲ್ಲಬ್ಯಾಡ್ರಿ. ಇದನ್ನ ಕೈಯಲ್ಲಿ ಹಿಡ್ಕೋಬ್ಯಾಡ್ರಿ, ಜೇಬಲ್ಲಿಡ್ರಿ."

ನಾನು ಗಾಳಿಗಿಂತ ವೇಗವಾಗಿ ಹೋದೆ. ದಾರಿಯಲ್ಲಿ ಎರಡು ಮೋಟರ್ ಬೈಕು ನನ್ನ ಹಿಂದೆ ಬಿದ್ದವು. ಜಂಬಯ್ಯನ ಹೆಂಡತಿ ನೀಲಮ್ಮ ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಮಲಗಿದಾರೆ," ಎಂದಳು.

"ಎಬ್ಬಿಸಮ್ಮ, ಅರ್ಜೆಂಟು."

"ಐದೂವರೆಗೆ ಏಳ್ತಾರೆ."

"ಒಂದು ಹೆಣ್ಣಿನ ಬಾಳಿನ ಪ್ರಶ್ನೆ."

"ಉಗ್ರಪ್ಪಾ, ಏಳು ವರ್ಷದ ಹಿಂದೆ ಒಂದ್ಸಲ ಮಧ್ಯಾಹ್ನ ಎಬ್ಬಿಸಿದ್ದೆ. ಅವತ್ತಿಂದ ನನ್ನ ಹತ್ರ ಮಾತಾಡಿಲ್ಲ. ಈಗ ನೀನೇ ಹೋಗಿ ಎಬ್ಬಿಸು, ನಿನ್ನ ಹತ್ರ ಮಾತು ಬಿಟ್ರೆ ನಷ್ಟ ಯಾರಿಗೂ ಇಲ್ಲ."

ನಾನು ಒಳಗೆ ಇಣುಕಿದೆ. ಜಂಬಯ್ಯ ಅಂಗಾತ ಮಲಗಿ ಅಳೆದಂತೆ ಗೊರಕೆ ಹೊಡೆಯುತ್ತಿದ್ದ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನೋಡುತ್ತ ನಿಂತ ನನಗೆ ಅನಿಸಿತು: ಇವನಿಗಿಂತ ನಾನು ಯಾವುದರಲ್ಲಿ ಕಡಿಮೆ? ಅಳೆದು ಮಾತಾಡುವುದೇನು ಮಹಾ ವಿದ್ಯೆ? ಬೇಕೆಂದರೆ ನಾನು ಇವನ ಹತ್ತರಷ್ಟು ಅಳೆದು ಮಾತಾಡಬಲ್ಲೆ. ಗಂಟೆ ಆಗಲೇ ಒಂದೂವರೆ. ಹಾಗೆ ನೋಡಿದರೆ ಆ ದಿನ ಊರಿನ ಮಾನ ಉಳಿಸಲು ನನ್ನನ್ನು ಬಿಟ್ಟು ಇನ್ಯಾರಿದ್ದರು?

ಹಿತ್ತಲ ಕಡೆಯಿಂದ ಸದ್ದಿಲ್ಲದೆ ಮನೆ ಹೊಕ್ಕು ಅಟ್ಟ ಹತ್ತಿದೆ. ಹಳೆ ಹಾಸಿಗೆಯ ಸುರುಳಿಯೊಳಗೆ ನನ್ನ ಲ್ಯಾಪ್‌ಟಾಪ್ ಇತ್ತು. ಠರಾವು ಆದ ದಿನವೇ ಬಚ್ಚಿಟ್ಟದ್ದು. ಸಿಸ್ಟಮ್ಮಿನ ಫೈಲು ಅದರಲ್ಲೇ ಇತ್ತು. ಪೆನ್‌ಡ್ರೈವ್ ಚುಚ್ಚಿದೆ. 'ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಸರಿಯೇ?' ಎಂದು ಕೇಳಿತು. ಸರಿ ಎಂದೆ. ಹಸಿರು ಪಟ್ಟಿ ತೆವಳತೊಡಗಿತು. ಆ ಹೊತ್ತಿನಲ್ಲಿ ಮನಸ್ಸನ್ನು ಚಿಕ್ಕದಾಗಿ ಇಟ್ಟುಕೊಳ್ಳಬೇಕೆಂದು ನಾನು ಪಟ್ಟ ಪಾಡು ಯಾವ ತಪಸ್ವಿಯೂ ಪಟ್ಟಿರಲಾರ. ನನ್ನ ಎತ್ತರ ಐದಡಿ ನಾಲ್ಕಂಗುಲ, ಎಂದುಕೊಂಡೆ. ನನಗೆ ಈಜು ಬರುವುದಿಲ್ಲ, ಎಂದುಕೊಂಡೆ. ಅರವತ್ತು ಪರ್ಸೆಂಟಿನ ತನಕ ಹೀಗೆ ಸತ್ಯದ ಮೇಲೆ ಸತ್ಯ ನುಂಗುತ್ತ ಕೂತಿದ್ದಾಗ, ಬರೆದದ್ದು ತಾಳೆಯಾಗುತ್ತಿಲ್ಲ ಎಂದು ಕೆಂಪಗೆ ತೋರಿಸಿ ನಿಂತುಬಿಟ್ಟಿತು. ಪೆನ್‌ಡ್ರೈವನ್ನು ಬೇರೆ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿ, ಇನ್ನೊಂದು ತೂತಿಗೆ ಚುಚ್ಚಿ, ಮೊದಲಿಂದ ಶುರುಮಾಡಿದೆ. ಈ ಸಲ ಸರಸರನೆ ಹೋಯಿತು. ಅದು ನೂರು ಮುಟ್ಟುವ ಗಳಿಗೆಯಲ್ಲಿ, ನನ್ನಿಂದ ಕಲಿತ ಆ ಹದಿಮೂರು ಜನಕ್ಕೂ ಈ ಉಪಾಯ ಹೊಳೆಯುತ್ತಿರಲಿಲ್ಲ ಎಂದು ಒಂದೇ ಒಂದು ಯೋಚನೆ ಬಂದುಬಿಟ್ಟಿತು. ಒಂದೇ ಒಂದು. ಅಷ್ಟಕ್ಕೇ ಏನಾದೀತು ಅಂದುಕೊಂಡೆ.

ಮುಂಬಾಗಿಲಿನಿಂದ ಏದುಸಿರು ಬಿಡುತ್ತ ಬಂದೆ.

"ಜಂಬಯ್ಯನವರು ಮಾಡಿಕೊಟ್ರಾ? ಏನಂದ್ರು?" ಎಂದಳು ದ್ರಾಕ್ಷಾಯಣಿ.

"ಒಂದು ಮಾತೂ ಆಡಲಿಲ್ಲ," ಎಂದೆ. ಇದರಲ್ಲಿ ಸುಳ್ಳೇನಿದೆ, ನೀವೇ ಹೇಳಿ.

ಮುಂದಿನ ಕೆಲಸವನ್ನೆಲ್ಲ ಅವಳೇ ಮಾಡಿದಳು. ನಾನು ಕೈ ಹಿಂದೆ ಕಟ್ಟಿಕೊಂಡು ಮೂರಡಿ ದೂರದಿಂದ ದಾರಿ ತೋರಿಸಿದೆ. ಶುರುವಾಗುವಾಗ ಮೇಲಿನ ಸಾಲಿನ ಗುಂಡಿ ಒತ್ತುತ್ತಿರು, ಪಟ್ಟಿ ಬರುತ್ತೆ, ಪೆನ್‌ಡ್ರೈವನ್ನ ಮೊದಲನೇ ಜಾಗಕ್ಕೆ ತಾ, ಹಳೆಯ ಫಾರ್ಮುಗಳಿರೋ ಡಿ ಡ್ರೈವ್ ಮಾತ್ರ ಮುಟ್ಟಬೇಡ. ಎರಡು ಸಲ ಯಂತ್ರ ಪೆನ್‌ಡ್ರೈವನ್ನು ನಂಬದೆ ಮತ್ತೆ ಕಪ್ಪಾಯಿತು. ಒಳಗಿನ ಭದ್ರತೆಯ ಬೀಗವೊಂದನ್ನು ತೆಗೆಸಿದ ಮೇಲೆ ಒಪ್ಪಿಕೊಂಡಿತು. 'ಇನ್ನು ಎರಡೇ ನಿಮಿಷ' ಎಂದು ಹೇಳಿ ಐವತ್ತು ನಿಮಿಷ ತೆಗೆದುಕೊಂಡಿತು. ಆದರೆ ಅದು ಲೋಕದ ಎಲ್ಲ ಕಂಪ್ಯೂಟರುಗಳೂ ಹೇಳುವ ಮಾತೇ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ನಾಲ್ಕೂಕಾಲಿಗೆ ದ್ರಾಕ್ಷಾಯಣಿ ಫಾಲಾಕ್ಷನ ಫಾರ್ಮು ಟೈಪ್ ಮಾಡಿ ಚೀಟಿ ತೆಗೆದಳು. ಪದ್ಧತಿಯಂತೆ ಎಲ್ಲರೆದುರು ಗಟ್ಟಿಯಾಗಿ ಓದಿದಳು. "ವರ, ಫಾಲಾಕ್ಷ. ಎತ್ತರ ಆರಡಿ. ಉದ್ಯೋಗ, ವಿದ್ಯಾಸಂಸ್ಥೆಯ ಆಡಳಿತ. ಸ್ವಭಾವ, ಕೋಪ ಅಂದ್ರೇನು ಅಂತ ಗೊತ್ತಿಲ್ಲ. ವಧುವಿಗೆ ಅದೇ ಸಂಸ್ಥೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಜಾಗ ಕಾದಿದೆ."

ಓದುತ್ತ ಓದುತ್ತ ಅವಳ ಮುಖವೇ ಅರಳಿತು. ಹನ್ನೊಂದು ವರ್ಷದಲ್ಲಿ ಇಂಥ ಗಂಡು ಆ ಯಂತ್ರದಿಂದ ಹೊರಬಿದ್ದಿರಲಿಲ್ಲ. ಕೊಟ್ರೇಶಿಗೆ ಮಾತ್ರ ಮಂಡಕ್ಕಿ ಗಂಟಲಿಗೆ ಸಿಕ್ಕಿಕೊಂಡಿತು. ನೀರು ಕುಡಿದು, ಕಣ್ಣೊರೆಸಿಕೊಂಡು, ಆ ಚೀಟಿಯನ್ನು ಇಸಕೊಂಡು ಸ್ವತಃ ಒಮ್ಮೆ ಓದಿದ. ಫಾಲಾಕ್ಷನ ಬಗ್ಗೆ ಅವನಿಗೂ ಇಷ್ಟೆಲ್ಲ ಗೊತ್ತಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಆದರೆ ಗಟ್ಟಿ ಮನುಷ್ಯ, ಬೇಗ ಸುಧಾರಿಸಿಕೊಂಡ. "ನಮ್ ಹುಡುಗ ತನ್ನ ಬಗ್ಗೆ ತಾನು ಹೇಳ್ಕಳದಿಲ್ರಿ," ಎಂದ.

ಟೀಚರ್ ಬ್ಯಾಗಿನಿಂದ ಲಕೋಟೆ ತೆಗೆದರು. ಮೊಣಕಾಲ ಮೇಲಿಟ್ಟುಕೊಂಡು ರಾಜೀನಾಮೆಗೆ ಸಹಿ ಹಾಕಿದರು. ಹದಿನೆಂಟು ವರ್ಷದ ಕೆಲಸಕ್ಕೆ ಒಂದೂವರೆ ಇಂಚಿನ ಸಹಿ. "ಬರ್ತೀನಿ ಅಕ್ಕಾ. ಹೆಡ್‌ಮಿಸ್ಟ್ರೆಸ್ ಅಂದ್ರೆ ನಮ್ಮಪ್ಪ ಇದ್ದಿದ್ರೆ ಅಳೋರು," ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡರು.

ನನ್ನ ಜೀವಮಾನದಲ್ಲಿ ನಾನು ಚಿರತೆಯ ಬಾಲ ಹಿಡಿದಿದ್ದೇನೆ, ಹೊಳೆಯ ಸುಳಿಯಿಂದ ಎಮ್ಮೆಯನ್ನು ಒಂದೇ ಕೈಯಲ್ಲಿ ಎಳೆದಿದ್ದೇನೆ. ಆದರೆ ಆ ಐದು ಹೆಜ್ಜೆ, ಟೀಚರ್ ಪಡಸಾಲೆಯಿಂದ ಬಾಗಿಲಿನ ತನಕ ಹೋದ ಐದು ಹೆಜ್ಜೆ ನೋಡುತ್ತ ನಿಲ್ಲುವುದು ಅವೆಲ್ಲಕ್ಕಿಂತ ಕಷ್ಟವಾಯಿತು. ಬಾಯಿ ಬಿಟ್ಟರೆ ಹೆಂಡತಿಯ ಕೈಲಿ ಹೆಣ ಬೀಳುತ್ತದೆ. ಬಿಡದಿದ್ದರೆ ಆ ಹೆಂಗಸು ನನ್ನ ಬಡಾಯಿಯೊಳಗೆ ಸಂಸಾರ ಹೂಡಲು ಹೊರಟಿದ್ದಾಳೆ.

"ಟೀಚರ್, ನಿಲ್ರಿ," ಎಂದೆ. "ಆ ಪೆನ್‌ಡ್ರೈವ್ ಮಾಡಿದ್ದು ನಾನು."

ಮೂವರೂ ತಿರುಗಿ ನೋಡಿದರು. ಆಮೇಲೆ ದ್ರಾಕ್ಷಾಯಣಿ ನಕ್ಕಳು. ಟೀಚರೂ ನಕ್ಕರು.

"ಶುರುವಾಯ್ತು," ಎಂದಳು ದ್ರಾಕ್ಷಾಯಣಿ. "ಜಂಬಯ್ಯನವರು ಮಾಡಿದ್ದಕ್ಕೂ ತಮ್ಮ ಹೆಸರು."

"ಉಗ್ರಪ್ಪಣ್ಣ, ನಮ್ಮ ಶಾಲೆ ಬಾವಿ ತೋಡಿದ್ದೂ ನೀವೇ, ಹೋದ ವರ್ಷ ಗ್ರಹಣ ಬಿಡಿಸಿದ್ದೂ ನೀವೇ," ಎಂದರು ಟೀಚರ್. "ಇದೊಂದನ್ನ ಅವರಿಗೆ ಬಿಟ್ಟುಕೊಡಿ."

"ಆಣೆಗೂ ನಾನೇ ಮಾಡಿದ್ದು. ಅಟ್ಟದ ಮೇಲೆ. ಜಂಬಯ್ಯ ಮಲಗಿದ್ದ."

"ಎಲ್ಲಾರಿಗೂ ಹಿಂಗ ಆಕ್ಕತಿ ಅಣ್ಣಾರ," ಎಂದ ಕೊಟ್ರೇಶಿ, ಬಹಳ ಸಮಾಧಾನದಿಂದ. "ಒಳ್ಳೆ ಕೆಲ್ಸ ನಡದಾಗ ನಂದೂ ಒಂದು ಕೈ ಇರ್ಲಿ ಅನಸ್ತತಿ. ನೀವು ಹೊಂಡ್ರಿ ಟೀಚರಮ್ಮ, ಆಫೀಸ್ ಮುಚ್ತಾರ."

ನೋಡಿ ನನ್ನ ಗತಿ. ಮಾಡದ್ದನ್ನೆಲ್ಲ ಮಾಡಿದೆನೆಂದಾಗ ಅರ್ಧ ಊರು ನಂಬುತ್ತಿತ್ತು. ಹುಟ್ಟಿದಂದಿನಿಂದ ಮೊದಲ ಸಲ ನಿಜವಾಗಿ ಮಾಡಿದ್ದೊಂದನ್ನು ಹೇಳಿದರೆ ಕೇಳುವವರಿಲ್ಲ. ಗಡಿಯಾರ ನಾಲ್ಕೂಮುಕ್ಕಾಲು ತೋರಿಸುತ್ತಿತ್ತು. ಆಗ ಹೊಳೆಯಿತು. ದ್ರಾಕ್ಷಾಯಣಿ ಕೇಂದ್ರ ಶುರುಮಾಡಿದ ಹೊಸದರಲ್ಲಿ, ಕೈ ಪಳಗಲೆಂದು ಮೊದಲು ಟೈಪ್ ಮಾಡಿದ ಎರಡು ಫಾರ್ಮು ನಮ್ಮಿಬ್ಬರದೇ. ಪಟ್ಟಿಯಲ್ಲಿ ಒಂದನೇ ನಂಬರು ನಾನು, ಎರಡನೆಯದು ಅವಳು.

"ನಂದೊಂದು ಚೀಟಿ ತೆಗಿ," ಎಂದೆ. "ಜಂಬಯ್ಯನ ಕೈಯಾದ್ರೆ ನಾಲ್ಕು ಸಾಲು ಬರುತ್ತೆ. ಟೀಚರ್ ನಾಲ್ಕು ನಿಮಿಷ ನಿಲ್ಲಲಿ."

ಬೇಸರದಿಂದಲೇ ಗುಂಡಿ ಒತ್ತಿದಳು. ಪ್ರಿಂಟರು ಒಂದು ಹಾಳೆ ಉಗುಳಿತು, ಎರಡು, ಮೂರು. ಅವಳು ನಿಲ್ಲಿಸಲು ನೋಡಿದಳು, ನಿಲ್ಲಲಿಲ್ಲ. ಹನ್ನೊಂದನೆಯ ಹಾಳೆಗೆ ಕಾಗದ ಮುಗಿದು ಕೆಂಪು ದೀಪ ಹತ್ತಿತು. ಟೀಚರ್ ಬಾಗಿಲಿಂದ ವಾಪಸು ಬಂದು ಮೊದಲನೆಯ ಹಾಳೆ ಎತ್ತಿಕೊಂಡರು. "ಎತ್ತರ, ಆರೂವರೆ ಅಡಿ, ಮಳೆಗಾಲದಲ್ಲಿ ಏಳು," ಎಂದು ಓದಿದರು. "ಒಮ್ಮೆ ಕೂಗಿದರೆ ಮೂರು ಊರಿನ ಎತ್ತುಗಳು ನಿಲ್ಲುತ್ತವೆ. ಇವನ ಸಲಹೆ ಕೇಳದೆ ಸೂರ್ಯ..." ಅಲ್ಲಿಗೆ ನಿಲ್ಲಿಸಿ ನಿಧಾನವಾಗಿ ಕುರ್ಚಿಯಲ್ಲಿ ಕೂತರು. ಲಕೋಟೆಯನ್ನು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದರು. ಕೊಟ್ರೇಶಿ ತನ್ನ ಚಪ್ಪಲಿಯ ಕಡೆ ನೋಡತೊಡಗಿದ.

ದ್ರಾಕ್ಷಾಯಣಿ ನನ್ನನ್ನು ನೋಡಲಿಲ್ಲ. ಹಾಳೆಗಳನ್ನು ಒಟ್ಟುಮಾಡಿ ಮೇಜಿಗೆ ಕುಟ್ಟಿ ಅಂಚು ಸರಿಮಾಡಿದಳು. ಅವಳು ಹಾಗೆ ಅಂಚು ಸರಿಮಾಡುವಾಗ ಮನೆಯ ಬೆಕ್ಕೂ ಹೊರಗೆ ಹೋಗುತ್ತದೆ. ಟೀಚರೇ ಪಾಪ, ವಾತಾವರಣ ತಿಳಿಮಾಡಲು ನೋಡಿದರು. "ಬಿಡಿ ಅಕ್ಕಾ, ಆಗಿದ್ದಾಯ್ತು. ಈ ಕಂಪ್ಯೂಟರ್ ಹಿಗ್ಗಿಸೋದೇ ನಿಜ ಆದ್ರೆ ನಿಮ್ಮ ಚೀಟೀನೂ ಒಂದು ತೆಗೀರಿ. ಉಗ್ರಪ್ಪಣ್ಣ ಆರೂವರೆ ಅಡಿ ಆದ್ರೆ ನೀವು ಮೈಸೂರು ಮಹಾರಾಣಿಯೇ ಆಗಿರ್ತೀರಿ."

ನನಗೂ ಅದು ಸರಿಯೆನಿಸಿತು. ನಾನೇ ಓಡಿಹೋಗಿ ಕಪಾಟಿನಿಂದ ಹೊಸ ಕಾಗದದ ಕಟ್ಟು ತಂದು ತುಂಬಿದೆ. ಇಪ್ಪತ್ತು ಹಾಳೆಯಾದರೂ ಬೇಕಾದೀತೆಂದು ಇಪ್ಪತ್ತೈದು ಇಟ್ಟೆ. ದ್ರಾಕ್ಷಾಯಣಿ ಎರಡನೇ ನಂಬರಿನ ಮೇಲೆ ಒತ್ತಿದಳು.

ಒಂದು ಹಾಳೆ ಬಂತು. ಪ್ರಿಂಟರು ಸುಮ್ಮನಾಯಿತು. ಅದರಲ್ಲಿದ್ದುದು ಒಂದೇ ಸಾಲು: ದ್ರಾಕ್ಷಾಯಣಿ, ಉಗ್ರಪ್ಪನ ಹೆಂಡತಿ, ಸಾರು ಪರವಾಗಿಲ್ಲ.

ಟೀಚರ್ ಬಗ್ಗಿ ಪ್ರಿಂಟರಿನೊಳಗೆ ನೋಡಿದರು. ಕಡೆಗೆ ಕೊಟ್ರೇಶಿ, ಆ ದಿನ ಅವನಾಡಿದ ಒಂದೇ ಒಳ್ಳೆಯ ಮಾತೆಂದರೆ ಇದು, "ಶಾಯಿ ಮುಗದಿರಬಕು," ಎಂದ.

"ಇಲ್ಲ ಅಣ್ಣಾರ," ಎಂದಳು ದ್ರಾಕ್ಷಾಯಣಿ, ಹಾಳೆಯನ್ನು ಬೆಳಕಿಗೆ ಹಿಡಿದು. "ಶಾಯಿ ಐತಿ. ಇರೋದೇ ಇಷ್ಟು."

ಇಪ್ಪತ್ತಾರು ವರ್ಷದ ಸಂಸಾರ. ನಾನು ನಮ್ಮನೆ ನಲ್ಲಿಯ ನೀರಿನ ರುಚಿಯ ಬಗ್ಗೆ ಊರೆಲ್ಲ ಹೊಗಳಿದ್ದೇನೆ. ನಮ್ಮನೆ ಜಗಲಿಯ ತಂಪಿನ ಬಗ್ಗೆ, ನನ್ನ ಸೈಕಲ್ಲಿನ ಬೆಲ್ಲಿನ ಬಗ್ಗೆ ಹೇಳಿದ್ದೇನೆ. ಬೇರೇನಾದರೂ ಹೇಳಿದ್ದೆನೇ ಎಂದು ನೆನಪು ಮಾಡಿಕೊಳ್ಳುತ್ತ ನಿಂತೆ. ನನ್ನ ನೆನಪಿನ ಶಕ್ತಿ ಅಸಾಧಾರಣವಾದದ್ದು. ಆದರೂ ಏನೂ ಸಿಗಲಿಲ್ಲ.

"ಲ್ಯಾಪ್‌ಟಾಪ್ ಎಲ್ಲಿ ಬಚ್ಚಿಟ್ಟೀರಿ?" ಎಂದಳು.

"ಹಳೆ ಹಾಸಿಗೇಲಿ."

ತಾನೇ ಅಟ್ಟ ಹತ್ತಿ ತಂದಳು. ಅದೇ ಪೆನ್‌ಡ್ರೈವ್ ಚುಚ್ಚಿದಳು. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಸರಿಯೇ ಎಂದು ಅದು ಅವಳನ್ನೂ ಕೇಳಿತು. ಇಷ್ಟು ವರ್ಷ ಅತ್ತೆಯ ಕೈ, ಪರರ ಕೈ ಎಂದು ನಂಬಿಕೊಂಡು ಬಂದವಳು ಸ್ವಂತ ಕೈಯಲ್ಲಿ ಒಂದೂ ಪೆನ್‌ಡ್ರೈವ್ ಮಾಡಿರಲಿಲ್ಲ. ಯಾರೂ ಅವಳ ಕೈ ಹೇಗೆ ಎಂದು ಕೇಳಿಯೂ ಇರಲಿಲ್ಲ. ಒಂದು ಗಳಿಗೆ ಬೆರಳು ಹಾಗೇ ನಿಂತಿತು. ಆಮೇಲೆ ಒತ್ತಿದಳು. ನಾನು ದಾರಿ ತೋರಿಸಲು ಬಾಯಿ ತೆರೆದೆ. "ಬ್ಯಾಡ," ಎಂದಳು. ಮಧ್ಯಾಹ್ನ ನಾನು ಹೇಳಿಕೊಟ್ಟದ್ದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು; ತಯಾರಾದ ಪೆನ್‌ಡ್ರೈವನ್ನು ಕೇಂದ್ರದ ಯಂತ್ರಕ್ಕೆ ಚುಚ್ಚಿ ತಾನೇ ಮೊದಲಿಂದ ಎಬ್ಬಿಸತೊಡಗಿದಳು. ಐದೂವರೆ ಬಸ್ಸು ಹೋಯಿತು. ಕೊಟ್ರೇಶಿ ಹೊರಟೆನೆಂದು ಎದ್ದಾಗ ಟೀಚರ್, ಎಂಟನೇ ಕ್ಲಾಸಿಗೆ ಹೇಳುವ ದನಿಯಲ್ಲಿ "ಕೂತ್ಕೊಳ್ಳಿ" ಎಂದರು. ಕೂತ.

ಆರೂವರೆಗೆ ಫಾಲಾಕ್ಷನ ಹೊಸ ಚೀಟಿ ಬಂತು. ಈ ಸಲ ದ್ರಾಕ್ಷಾಯಣಿ ಓದಲಿಲ್ಲ, ಟೀಚರ ಕೈಗೇ ಕೊಟ್ಟಳು. ಅವರೇ ಓದಿದರು. "ಎತ್ತರ ಐದಡಿ ಮೂರು. ಶಾಲೆಯ ವ್ಯಾನ್ ಓಡಿಸುತ್ತಾನೆ. ಬೇಗ ಸಿಟ್ಟು ಬರುತ್ತದೆ, ಬಂದದ್ದಕ್ಕೆ ಆಮೇಲೆ ನಾಚಿಕೊಳ್ಳುತ್ತಾನೆ. ಮಕ್ಕಳನ್ನು ಹತ್ತಿಸುವಾಗ ಎಣಿಸುತ್ತಾನೆ, ಇಳಿಸುವಾಗ ಇನ್ನೊಮ್ಮೆ ಎಣಿಸುತ್ತಾನೆ. ಹೆಂಡತಿ ಕೆಲಸ ಬಿಡಬೇಕೆಂಬ ಮಾತು ಇವನದಲ್ಲ, ಭಾವನದು."

ಬಸಲಿಂಗಮ್ಮನ ಕೈಯಾಗಿದ್ದರೆ ಮೊದಲ ಎರಡು ಸಾಲಿಗೆ ನಿಲ್ಲುತ್ತಿತ್ತು. ಆ ಮುದುಕಿ ಹುಸಿ ಕತ್ತರಿಸುತ್ತಿದ್ದಳು, ಅಷ್ಟೇ. ಇದು ಬೇರೆ ಕೈ. ಯಾರೂ ಹೇಳದೆ ಬಿಟ್ಟದ್ದನ್ನು ಹೆಕ್ಕುವ ಕೈ.

ಟೀಚರ್ ಮೂರು ಸಲ ಓದಿದರು. ಕೊಟ್ರೇಶಿ ಹಳದಿ ಚೀಲವನ್ನು ಮಡಿಸಿ ಬಿಚ್ಚಿ ಮಾಡುತ್ತಿದ್ದ.

"ಅಣ್ಣಾರೇ, ನಾನು ಕೆಲಸ ಬಿಡಲ್ಲ," ಎಂದರು ಕಡೆಗೆ. "ಅವರೇ ಈ ಕಡೆ ಬಂದು ನಮ್ಮ ಶಾಲೆ ವ್ಯಾನು ಓಡಿಸೋಕೆ ಆಗುತ್ತಾ, ಕೇಳ್ಕೊಂಡು ಬನ್ನಿ. ನಮ್ಮ ಡ್ರೈವರ್ ಎಣಿಸೋದಿಲ್ಲ."

ಫಾಲಾಕ್ಷ ಬಂದ. ಈಗ ಇಲ್ಲೇ ಇದ್ದಾನೆ, ಸಂಜೆ ನಾಲ್ಕಕ್ಕೆ ಬಸ್ ಸ್ಟ್ಯಾಂಡಿನ ಮುಂದೆ ವ್ಯಾನು ನಿಲ್ಲಿಸಿ ಎಣಿಸುತ್ತಿರುತ್ತಾನೆ. ನಿಜವಾಗಿಯೂ ಗಿಡ್ಡ.

ಅದಾಗಿ ಆರು ವರ್ಷ. ಈಗ ದ್ರಾಕ್ಷಾಯಣಿಯ ಕೈಗೆ ಸುತ್ತ ಎಂಟೂರಿನಿಂದ ಜನ ಬರುತ್ತಾರೆ, ಎಲೆ ಅಡಿಕೆಯ ಮೇಲೆ ಪೆನ್‌ಡ್ರೈವ್ ಇಟ್ಟುಕೊಂಡು ಜಗಲಿಯಲ್ಲಿ ಸಾಲಾಗಿ ಕೂತಿರುತ್ತಾರೆ. ನಾನು ಅವರಿಗೆಲ್ಲ ಮಜ್ಜಿಗೆ ಕೊಟ್ಟು, ಈ ವಿದ್ಯೆಯನ್ನು ಅವಳಿಗೆ ಕಲಿಸಿದ್ದು ನಾನೇ ಎಂದು ಹೇಳುತ್ತೇನೆ. ಅವಳ ಸಾರನ್ನೂ ಈಗ ಹೊಗಳುತ್ತೇನೆ, ಜೋರಾಗಿ, ಅಡುಗೆಮನೆಗೆ ಕೇಳಿಸುವಂತೆ. ಒಳಗಿನಿಂದ ಪಾತ್ರೆಯ ಸದ್ದು ಬಿಟ್ಟು ಬೇರೇನೂ ಬರುವುದಿಲ್ಲ.

ಒಂದು ದಿನ ಧೈರ್ಯ ಮಾಡಿ ಕೇಳಿದೆ, ನಿನ್ನ ಕೈಯಲ್ಲಿ ನನ್ನದೂ ಒಂದು ಚೀಟಿ ತೆಗಿಯೇ ಎಂದು. ಅವಳು ತಲೆ ಎತ್ತದೆ, "ಒಂದನೇ ನಂಬರು ಅಲ್ಲೇ ಐತಿ. ಬೇಕಾದ್ರೆ ನೀವೇ ಒತ್ತಿಕೊಳ್ರಿ," ಎಂದಳು.

ಅವಳು ಸಂತೆಗೆ ಹೋದಾಗಲೆಲ್ಲ ನಾನು ಆ ಯಂತ್ರದ ಮುಂದೆ ಕೂರುತ್ತೇನೆ. ಪಟ್ಟಿ ತೆರೆಯುತ್ತೇನೆ. ಮೊದಲ ಸಾಲಿನಲ್ಲೇ ನನ್ನ ಹೆಸರು. ಬೆರಳು ಗುಂಡಿಯ ಮೇಲೆ ಇಡುತ್ತೇನೆ. ಹೆದರಿಕೆ ಎಂದು ತಿಳಿಯಬೇಡಿ, ಆ ಪದ ನಮ್ಮ ವಂಶದಲ್ಲೇ ಇಲ್ಲ. ನನ್ನಂಥವನ ಬಗ್ಗೆ ಬರೆಯಹೊರಟರೆ ಎಷ್ಟು ಕಾಗದ ಬೇಕಾದೀತೆಂಬುದೊಂದೇ ಚಿಂತೆ. ನಿನ್ನೆಯೂ ಹಾಗೇ ಕೂತಿದ್ದೆ. ಪ್ರಿಂಟರಿನಲ್ಲಿ ಒಂದೇ ಒಂದು ಹಾಳೆ ಇತ್ತು. ಸಾಲುವುದಿಲ್ಲ ಎಂದು ಎದ್ದು, ಅಂಗಡಿಯಿಂದ ಇನ್ನೊಂದು ಕಟ್ಟು ಕಾಗದ ತಂದು ಕಪಾಟಿನಲ್ಲಿಟ್ಟೆ. ಅಲ್ಲಿ ಆಗಲೇ ನಲವತ್ತು ಕಟ್ಟುಗಳಿದ್ದವು.